ಟರ್ಬೊ ಸರಿಯಿತ್ತು, ಗಾಳಿ ದಾರಿಯಲ್ಲಿ ಸೋರುತ್ತಿತ್ತು: ಒಂದು ಬೂಸ್ಟ್ ಲೀಕ್ ಪ್ರಕರಣ

ಕಾರು 1.5 ಲೀಟರ್‌ನ ಟರ್ಬೊ ಪೆಟ್ರೋಲ್. ಟರ್ಬೊ ಅಂದರೆ ಎಕ್ಸಾಸ್ಟ್ ಅನಿಲದ ಬಲದಿಂದ ತಿರುಗಿ ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಪಂಪ್. ಹಾಗೆ ವಾತಾವರಣಕ್ಕಿಂತ ಹೆಚ್ಚಾದ ಒತ್ತಡವೇ ಬೂಸ್ಟ್. ನಾಲ್ಕು ಸಿಲಿಂಡರ್, ಡೈರೆಕ್ಟ್ ಇಂಜೆಕ್ಷನ್. ಏರ್ ಫಿಲ್ಟರ್ ಡಬ್ಬಿಯ ಪಕ್ಕದಲ್ಲೇ ಒಳಗೆ ಬರುವ ಗಾಳಿಯ ತೂಕ ಅಳೆಯುವ ಮಾಸ್ ಏರ್ ಫ್ಲೋ ಸೆನ್ಸರ್ ಇದೆ. ವೇಸ್ಟ್‌ಗೇಟ್ (ಎಕ್ಸಾಸ್ಟ್ ಅನಿಲವನ್ನು ಟರ್ಬೊಗೆ ಕೊಡದೆ ಪಕ್ಕದಿಂದ ಬಿಟ್ಟು ಬೂಸ್ಟ್ ಮಿತಿಯಲ್ಲಿಡುವ ಬಾಗಿಲು) ತೆರೆದು ಮುಚ್ಚುವುದಕ್ಕೆ ಎಲೆಕ್ಟ್ರಿಕ್ ಆಕ್ಚುಯೇಟರ್, ಅಂದರೆ ಮೋಟಾರ್, ಇದೆ. ಮಾಲೀಕರ ದೂರು ಇಷ್ಟು: ಪಿಕಪ್ ಇಲ್ಲ, ಏರು ರಸ್ತೆಯಲ್ಲಿ ಗಾಡಿ ಎಳೆಯುವುದಿಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತಿದೆ, ಆಗಾಗ ಚೆಕ್ ಎಂಜಿನ್ ಲೈಟ್ ಬರುತ್ತದೆ. ನಿಧಾನಕ್ಕೆ ಓಡಿಸಿದರೆ ಏನೂ ತೊಂದರೆ ಕಾಣುವುದಿಲ್ಲ.

ನಮ್ಮ ಹತ್ತಿರ ಬರುವ ಮೊದಲು ಕಾರು ಇನ್ನೊಂದು ಗ್ಯಾರೇಜಿಗೆ ಹೋಗಿತ್ತು. ಅಲ್ಲಿ ಸ್ಮೋಕ್ ಟೆಸ್ಟ್, ಅಂದರೆ ಪೈಪುಗಳಿಗೆ ಹೊಗೆ ತುಂಬಿ ಸೋರಿಕೆ ಹುಡುಕುವ ಪರೀಕ್ಷೆ, ಮಾಡಿದ್ದರು. ಹೊಗೆ ಎಲ್ಲೂ ಹೊರಗೆ ಬರಲಿಲ್ಲ. ಹಾಗಾಗಿ ಲೀಕ್ ಇಲ್ಲ, ಟರ್ಬೊನೇ ಹೋಗಿದೆ, ಬದಲಾಯಿಸಿ ಅಂದಿದ್ದರು. ಮಾಲೀಕರು ಬಂದವರೇ ಕೇಳಿದ ಮೊದಲ ಪ್ರಶ್ನೆ: "ಸರ್, ನಿಜವಾಗಲೂ ಟರ್ಬೊ ಹೋಗಿದೆಯಾ?"

ಸ್ಕ್ಯಾನರ್ ಹಾಕಿದಾಗ ಇದ್ದದ್ದು ಒಂದೇ ಕೋಡ್, ಪಿ0299. ಎಂಜಿನ್ ನಡೆಸುವ ಕಂಪ್ಯೂಟರ್ ಕೇಳಿದಷ್ಟು ಬೂಸ್ಟ್ ಸಿಗಲಿಲ್ಲ ಎಂದು ಅದರ ಅರ್ಥ. ಯಾಕೆ ಸಿಗಲಿಲ್ಲ ಎಂಬುದನ್ನು ಅದು ಹೇಳುವುದಿಲ್ಲ. ಟರ್ಬೊ ಸವೆದಿರಬಹುದು. ವೇಸ್ಟ್‌ಗೇಟ್ ಪೂರ್ತಿ ಮುಚ್ಚದೆ ಇರಬಹುದು. ಏರ್ ಫಿಲ್ಟರ್ ಅಥವಾ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿರಬಹುದು. ಟರ್ಬೈನ್‌ಗೆ (ಟರ್ಬೊದ ಎಕ್ಸಾಸ್ಟ್ ಕಡೆಯ ಚಕ್ರಕ್ಕೆ) ತಲುಪುವ ಮೊದಲೇ ಎಕ್ಸಾಸ್ಟ್ ಸೋರುತ್ತಿರಬಹುದು. ಸೆನ್ಸರೇ ತಪ್ಪು ಹೇಳುತ್ತಿರಬಹುದು. ಇಲ್ಲವೇ, ಟರ್ಬೊ ಒತ್ತಿ ಕಳಿಸಿದ ಗಾಳಿ ಸಿಲಿಂಡರ್ ಮುಟ್ಟುವ ಮೊದಲು ಹೊರಗೆ ಹೋಗುತ್ತಿರಬಹುದು. ಟರ್ಬೊ ಬಿಚ್ಚುವ ಕೆಲಸ ಈ ಸಾಲಿನಲ್ಲಿ ಕೊನೆಗೇ ಬರಬೇಕು. ಉಳಿದವನ್ನೆಲ್ಲ ಅದನ್ನು ಮುಟ್ಟದೆಯೇ ನೋಡಬಹುದು.

ಸ್ಪ್ಯಾನರ್ ಹಿಡಿಯುವ ಮೊದಲು

ಮೊದಲು ಸೆನ್ಸರ್‌ಗಳನ್ನು ನಂಬಬಹುದೇ ಎಂದು ನೋಡಬೇಕು. ಇದಕ್ಕೆ ಖರ್ಚೇನೂ ಇಲ್ಲ. ಎಂಜಿನ್ ಸ್ಟಾರ್ಟ್ ಮಾಡದೆ ಸುಮ್ನೆ ಕೀ ಆನ್ ಮಾಡಿ. ಆಗ ಪೈಪಿನ ಒಳಗೂ ಹೊರಗೂ ಒಂದೇ ಒತ್ತಡ ಇರುತ್ತದೆ. ವಾತಾವರಣದ ಒತ್ತಡ ತೋರಿಸುವ ಸೆನ್ಸರ್, ಥ್ರಾಟಲ್‌ಗೆ (ಎಂಜಿನ್‌ಗೆ ಹೋಗುವ ಗಾಳಿಯನ್ನು ತೆರೆದು ಮುಚ್ಚುವ ತಟ್ಟೆಗೆ) ಮುಂಚಿನ ಬೂಸ್ಟ್ ಸೆನ್ಸರ್, ಅದರ ಆಚೆ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್‌ನ ಸೆನ್ಸರ್, ಮೂರೂ ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸಬೇಕು. ಈ ಕಾರಿನಲ್ಲಿ ಮೂರೂ 99ರಿಂದ 100 ಕಿಲೋಪ್ಯಾಸ್ಕಲ್ ತೋರಿಸಿದವು. ಸರಿ, ಮುಂದೆ ಹೋಗಬಹುದು.

ಇಲ್ಲಿ ಒಂದು ಮಾತು. ಸ್ಕ್ಯಾನರ್ ತೋರಿಸುವುದು ಸಾಮಾನ್ಯವಾಗಿ ಒಟ್ಟು ಒತ್ತಡ, ಬರೀ ಬೂಸ್ಟ್ ಅಲ್ಲ. ಮ್ಯಾನಿಫೋಲ್ಡ್‌ನಲ್ಲಿ 190 ಕಿಲೋಪ್ಯಾಸ್ಕಲ್ ಅಂದರೆ, ಅದರಿಂದ ವಾತಾವರಣದ 100 ಕಳೆದರೆ, ಬೂಸ್ಟ್ 90 ಕಿಲೋಪ್ಯಾಸ್ಕಲ್. ಅಂದರೆ ಸುಮಾರು 0.9 ಬಾರ್, ಹಳೆಯ ಗೇಜಿನಲ್ಲಿ 13 ಪಿಎಸ್ಐ. ಇದನ್ನು ಮರೆತು 1.9 ಬಾರ್ ಬೂಸ್ಟ್ ಎಂದುಕೊಂಡವರು ಮುಂದೆ ಪ್ರೆಶರ್ ಟೆಸ್ಟ್ ಮಾಡುವಾಗ ಎರಡರಷ್ಟು ಗಾಳಿ ತುಂಬಿಬಿಡುತ್ತಾರೆ. ಆಗ ಚೆನ್ನಾಗಿದ್ದ ಹೋಸ್ ಕೂಡ ಕಳಚಿಕೊಳ್ಳುತ್ತದೆ.

ಆಮೇಲೆ ಖಾಲಿ ರಸ್ತೆಯಲ್ಲಿ ಓಡಿಸಿ ಲಾಗ್, ಅಂದರೆ ಸೆನ್ಸರ್ ಅಂಕಿಗಳ ದಾಖಲೆ, ತೆಗೆದೆವು. ಒಬ್ಬರು ಓಡಿಸಬೇಕು, ಇನ್ನೊಬ್ಬರು ಲ್ಯಾಪ್‌ಟಾಪ್ ನೋಡಬೇಕು. ಮೂರನೇ ಗೇರಿನಲ್ಲಿ 2000 ಆರ್‌ಪಿಎಂನಿಂದ ಆಕ್ಸಿಲರೇಟರ್ ಪೂರ್ತಿ ತುಳಿದು 5000ದ ತನಕ. 3500 ಆರ್‌ಪಿಎಂ ಹತ್ತಿರ ಕಂಡದ್ದು ಇದು. ಕಂಪ್ಯೂಟರ್ ಕೇಳುತ್ತಿದ್ದ ಒತ್ತಡ 190 ಕಿಲೋಪ್ಯಾಸ್ಕಲ್, ಮ್ಯಾನಿಫೋಲ್ಡ್‌ನಲ್ಲಿ ಸಿಗುತ್ತಿದ್ದದ್ದು 165. ಥ್ರಾಟಲ್‌ಗೆ ಮುಂಚಿನ ಸೆನ್ಸರ್ 167. ಎರಡರ ನಡುವೆ ವ್ಯತ್ಯಾಸ ಇಲ್ಲ ಅಂದರೆ ಥ್ರಾಟಲ್ ಅಡ್ಡ ಬರುತ್ತಿಲ್ಲ. ವೇಸ್ಟ್‌ಗೇಟ್ ಆಕ್ಚುಯೇಟರ್ ಪೂರ್ತಿ ಮುಚ್ಚಿದ ಸ್ಥಾನದಲ್ಲಿತ್ತು. ಒಳಗೆ ಬರುವ ಗಾಳಿಯ ತಾಪ 45 ಡಿಗ್ರಿ. ಏರ್ ಫ್ಲೋ ಸೆನ್ಸರ್ ತೋರಿಸಿದ್ದು ಸೆಕೆಂಡಿಗೆ 86 ಗ್ರಾಂ. ಫ್ಯುಯೆಲ್ ಟ್ರಿಮ್, ಅಂದರೆ ಲೆಕ್ಕದ ಪೆಟ್ರೋಲ್‌ಗೆ ಕಂಪ್ಯೂಟರ್ ಮಾಡುವ ತಿದ್ದುಪಡಿ, ಶೇಕಡಾ ಮೈನಸ್ 13.

ಸುಮಾರು ಜನ ಇಲ್ಲಿ ಬೂಸ್ಟ್ ಕಡಿಮೆ ಇದೆ ಎಂಬಷ್ಟನ್ನೇ ಓದಿಕೊಂಡು ಲಾಗ್ ಮುಚ್ಚುತ್ತಾರೆ. ಈ ಪ್ರಕರಣದ ಅರ್ಧ ಉತ್ತರ ಕೊನೆಯ ಎರಡು ಅಂಕಿಗಳಲ್ಲೇ ಇತ್ತು.

ಅಳೆದ ಗಾಳಿ, ಸಿಲಿಂಡರ್ ಮುಟ್ಟಿದ ಗಾಳಿ

ಎಂಜಿನ್ ಎಷ್ಟು ಗಾಳಿ ಎಳೆದುಕೊಂಡಿತು ಎಂಬುದನ್ನು ಲೆಕ್ಕ ಹಾಕಿ ತಿಳಿಯಬಹುದು. ಫೋರ್ ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೆ ಒಂದು ಸಲ ತನ್ನ ಪೂರ್ತಿ ಗಾತ್ರದಷ್ಟು ಗಾಳಿ ತುಂಬಿಕೊಳ್ಳುತ್ತದೆ. 1.5 ಲೀಟರ್ ಎಂಜಿನ್ 3500 ಆರ್‌ಪಿಎಂನಲ್ಲಿ ನಿಮಿಷಕ್ಕೆ 2625 ಲೀಟರ್, ಅಂದರೆ ಸೆಕೆಂಡಿಗೆ ಸುಮಾರು 44 ಲೀಟರ್. 165 ಕಿಲೋಪ್ಯಾಸ್ಕಲ್ ಒತ್ತಡ, 45 ಡಿಗ್ರಿ ತಾಪ ಇರುವ ಗಾಳಿ ಲೀಟರಿಗೆ ಸುಮಾರು 1.8 ಗ್ರಾಂ ತೂಗುತ್ತದೆ. ಸಿಲಿಂಡರ್ ಪೂರ್ತಿ ತುಂಬುವುದಿಲ್ಲ, ಶೇಕಡಾ 95 ತುಂಬುತ್ತದೆ ಎಂದುಕೊಳ್ಳೋಣ. ಗುಣಿಸಿದರೆ ಸೆಕೆಂಡಿಗೆ 75 ಗ್ರಾಂ ಬರುತ್ತದೆ.

ಸೆನ್ಸರ್ ಅಳೆದದ್ದು 86. ಎಂಜಿನ್ ನುಂಗಿದ್ದು 75. ಉಳಿದ 11 ಗ್ರಾಂ ಎಲ್ಲಿ ಹೋಯಿತು?

ಟ್ರಿಮ್ ಕೂಡ ಇದನ್ನೇ ಇನ್ನೊಂದು ದಾರಿಯಲ್ಲಿ ಹೇಳುತ್ತಿತ್ತು. ಕಂಪ್ಯೂಟರ್ 86 ಗ್ರಾಂ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಹಾಕುತ್ತದೆ. ಸಿಲಿಂಡರ್‌ನಲ್ಲಿ ಇರುವ ಗಾಳಿ 75 ಗ್ರಾಂ ಮಾತ್ರ. ಹಾಗಾಗಿ ಮಿಶ್ರಣ ರಿಚ್ ಆಗುತ್ತದೆ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಹೆಚ್ಚಾಗುತ್ತದೆ. ಎಕ್ಸಾಸ್ಟ್‌ನಲ್ಲಿರುವ ಆಕ್ಸಿಜನ್ ಸೆನ್ಸರ್ ಅದನ್ನು ನೋಡಿ ಪೆಟ್ರೋಲ್ ಕಡಿಮೆ ಮಾಡು ಎನ್ನುತ್ತದೆ. 75ನ್ನು 86ರಿಂದ ಭಾಗಿಸಿದರೆ 0.87, ಅಂದರೆ ಶೇಕಡಾ 13ರ ಕಡಿತ. ಎರಡು ಬೇರೆ ಬೇರೆ ಲೆಕ್ಕ ಒಂದೇ ಉತ್ತರಕ್ಕೆ ಬಂದವು. ಈ ಎಂಜಿನ್‌ನಲ್ಲಿ ಪೆಟ್ರೋಲ್ ಎಷ್ಟು ಹೆಚ್ಚು ಅಥವಾ ಕಡಿಮೆ ಎಂದು ಅಳೆಯಬಲ್ಲ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಇರುವುದರಿಂದ ಪೂರ್ತಿ ತುಳಿದಾಗಲೂ ಟ್ರಿಮ್ ಕೆಲಸ ಮಾಡುತ್ತದೆ. ಹಳೆಯ ಸಾಮಾನ್ಯ ಸೆನ್ಸರ್ ಇರುವ ಕಾರುಗಳಲ್ಲಿ ಆ ಹೊತ್ತಿಗೆ ಟ್ರಿಮ್ ನಿಂತುಬಿಡುತ್ತದೆ. ಅಲ್ಲಿ ಈ ಸುಳಿವು ಸಿಗುವುದಿಲ್ಲ.

ಇದೊಂದೇ ಲೆಕ್ಕದಿಂದ ಅನುಮಾನದ ಸಾಲು ಎಷ್ಟು ಚಿಕ್ಕದಾಯಿತು ನೋಡಿ. ಟರ್ಬೊ ಸವೆದಿದ್ದರೆ, ವೇಸ್ಟ್‌ಗೇಟ್ ತೆರೆದೇ ಇದ್ದರೆ, ಫಿಲ್ಟರ್ ಅಥವಾ ಕನ್ವರ್ಟರ್ ಕಟ್ಟಿದ್ದರೆ, ಗಾಳಿ ಒಳಗೆ ಬರುವುದೇ ಕಡಿಮೆ. ಆಗ ಅಳೆದದ್ದೂ ಕಡಿಮೆ, ನುಂಗಿದ್ದೂ ಅಷ್ಟೇ ಕಡಿಮೆ, ಟ್ರಿಮ್ ನೆಟ್ಟಗೆ. ಇಲ್ಲಿ ಎರಡೂ ಬೇರೆಯಾಗಿವೆ. ಟರ್ಬೊ ತನ್ನ ಪಾಲಿನ ಗಾಳಿ ಎಳೆಯುತ್ತಿದೆ, ಅದು ಮುಂದಕ್ಕೆ ತಲುಪುತ್ತಿಲ್ಲ.

ಏರ್ ಫ್ಲೋ ಸೆನ್ಸರೇ ಜಾಸ್ತಿ ತೋರಿಸುತ್ತಿದ್ದರೆ? ಆಗ ಐಡಲ್‌ನಲ್ಲೂ (ಕಾರು ನಿಂತು ಎಂಜಿನ್ ಮಾತ್ರ ಓಡುವಾಗಲೂ) ನಿಧಾನ ಓಟದಲ್ಲೂ ಟ್ರಿಮ್ ಮೈನಸ್ ಇರಬೇಕಿತ್ತು. ಇಲ್ಲಿ ಐಡಲ್‌ನಲ್ಲಿ ಪ್ಲಸ್ 2, ನಿಧಾನ ಓಟದಲ್ಲಿ ಪ್ಲಸ್ 1. ಅದೂ ಹೋಯಿತು.

ಡೈವರ್ಟರ್ ವಾಲ್ವ್‌ನ (ಆಕ್ಸಿಲರೇಟರ್ ಬಿಟ್ಟಾಗ ಹೆಚ್ಚಾದ ಬೂಸ್ಟ್ ಗಾಳಿಯನ್ನು ಬಿಡುವ ವಾಲ್ವ್) ರಬ್ಬರ್ ಹರಿದಿರಬಹುದಲ್ವಾ ಎಂದು ಗ್ಯಾರೇಜಿನ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಆದರೆ ಈ ಕಾರಿನ ಡೈವರ್ಟರ್ ಗಾಳಿಯನ್ನು ಹೊರಗೆ ಬಿಡುವುದಿಲ್ಲ, ಟರ್ಬೊದ ಬಾಯಿಗೇ ವಾಪಸ್ ಕಳಿಸುತ್ತದೆ. ಆ ಗಾಳಿ ಒಮ್ಮೆ ಅಳತೆಯಾದದ್ದು, ಪೈಪುಗಳೊಳಗೇ ಸುತ್ತುತ್ತಿರುತ್ತದೆ. ಆದ್ದರಿಂದ ಡೈವರ್ಟರ್ ಸೋರಿದರೆ ಬೂಸ್ಟ್ ಬೀಳುತ್ತದೆ, ಟ್ರಿಮ್ ಮಾತ್ರ ಕೆಡುವುದಿಲ್ಲ.

ಇನ್ನು ಸೋರುವ ಜಾಗ. ಟರ್ಬೊ ಗಾಳಿಯ ದಾರಿಯನ್ನು ಮೂರು ತುಂಡಾಗಿ ನೋಡಬೇಕು. ಸೆನ್ಸರ್‌ನಿಂದ ಟರ್ಬೊ ಬಾಯಿಯ ತನಕ ಯಾವಾಗಲೂ ಎಳೆತ ಇರುತ್ತದೆ. ಅಲ್ಲಿ ಬಿರುಕು ಬಿಟ್ಟರೆ ಅಳೆಯದ ಗಾಳಿ ಒಳಗೆ ನುಗ್ಗುತ್ತದೆ, ಟ್ರಿಮ್ ಪ್ಲಸ್ ಆಗುತ್ತದೆ. ಫಿಲ್ಟರ್ ದಾಟದ ಧೂಳು ಟರ್ಬೊದ ರೆಕ್ಕೆಗಳನ್ನೂ ತಿನ್ನುತ್ತದೆ. ಥ್ರಾಟಲ್‌ನಿಂದ ಸಿಲಿಂಡರ್ ತನಕದ ಜಾಗ ಐಡಲ್‌ನಲ್ಲಿ ಎಳೆಯುತ್ತದೆ, ಬೂಸ್ಟ್‌ನಲ್ಲಿ ಒತ್ತುತ್ತದೆ. ಅಲ್ಲಿ ಲೀಕ್ ಇದ್ದರೆ ಐಡಲ್‌ನಲ್ಲಿ ಪ್ಲಸ್, ತುಳಿದಾಗ ಮೈನಸ್. ನಡುವಿನ ತುಂಡು ಟರ್ಬೊದಿಂದ ಥ್ರಾಟಲ್ ತನಕ. ಐಡಲ್‌ನಲ್ಲಿ ಅದರೊಳಗಿನ ಒತ್ತಡ ಹೊರಗಿನಷ್ಟೇ ಇರುತ್ತದೆ, ತೂತಿದ್ದರೂ ಗಾಳಿ ಹೆಚ್ಚೇನೂ ಆಚೀಚೆ ಹೋಗುವುದಿಲ್ಲ. ತುಳಿದಾಗ ಮಾತ್ರ ಸೋರುತ್ತದೆ. ಐಡಲ್‌ನಲ್ಲಿ ಸರಿ, ಬೂಸ್ಟ್‌ನಲ್ಲಿ ಮೈನಸ್ 13 ಅಂದರೆ ಹುಡುಕಬೇಕಾದದ್ದು ಈ ನಡುವಿನ ತುಂಡನ್ನೇ. ಇಲ್ಲಿ ಬರುವುದು ಟರ್ಬೊದಿಂದ ಹೊರಡುವ ಬಿಸಿ ಪೈಪ್, ಆ ಗಾಳಿಯನ್ನು ತಣ್ಣಗಾಗಿಸುವ ಇಂಟರ್‌ಕೂಲರ್, ಅಲ್ಲಿಂದ ಥ್ರಾಟಲ್‌ಗೆ ಹೋಗುವ ತಣ್ಣನೆಯ ಪೈಪ್, ಅವುಗಳ ಜೋಡಣೆಗಳು. ಅಷ್ಟೇ.

ಇನ್ನೊಂದು ಲೆಕ್ಕವೂ ಕೈಯಲ್ಲಿರಲಿ. ಈ ಒತ್ತಡದಲ್ಲಿ ಸೆಕೆಂಡಿಗೆ 11 ಗ್ರಾಂ ಹೋಗಬೇಕಾದರೆ ಸುಮಾರು 7 ಮಿಲಿಮೀಟರ್ ಅಗಲದ ತೂತಿನಷ್ಟು ಜಾಗ ಬೇಕು. ಸೂಜಿ ಮೊನೆಯಷ್ಟು ಲೀಕ್ ಕಂಡು ಸಿಕ್ಕಿತು ಎಂದುಕೊಂಡರೆ ಈ ಅಂಕಿ ಒಪ್ಪುವುದಿಲ್ಲ.

ಪ್ರೆಶರ್ ಟೆಸ್ಟ್

ಹಾಗಾದರೆ ಸ್ಮೋಕ್ ಟೆಸ್ಟ್‌ನಲ್ಲಿ ಯಾಕೆ ಸಿಗಲಿಲ್ಲ? ಹೊಗೆ ಯಂತ್ರ ಸಾಮಾನ್ಯವಾಗಿ 0.1 ಬಾರ್‌ಗಿಂತ ಕಡಿಮೆ ಒತ್ತಡದಲ್ಲಿ ಕೆಲಸ ಮಾಡುತ್ತದೆ. ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ವ್ಯಾಕ್ಯೂಮ್ ಪೈಪ್, ಪೆಟ್ರೋಲ್ ಟ್ಯಾಂಕಿನ ಆವಿ ಪೈಪುಗಳಿಗೆ ಅದು ತುಂಬಾ ಒಳ್ಳೆಯದು. ಆದರೆ ಈ ಪೈಪುಗಳು ರಸ್ತೆಯಲ್ಲಿ 0.9 ಬಾರ್ ತಡೆಯುತ್ತವೆ. ಕಡಿಮೆ ಒತ್ತಡದಲ್ಲಿ ರಬ್ಬರ್ ತುಟಿ ಮುಚ್ಚಿಕೊಂಡೇ ಇರುತ್ತದೆ, ಒತ್ತಡ ಏರಿದಾಗ ಮಾತ್ರ ಬಾಯಿ ಬಿಡುತ್ತದೆ. ಆದ್ದರಿಂದ ಬೂಸ್ಟ್ ಕೊರತೆಯ ದೂರಿಗೆ ಬರೀ ಹೊಗೆ ನೋಡಿ ಲೀಕ್ ಇಲ್ಲ ಅನ್ನುವುದು ಸರಿಯಲ್ಲ ಎಂದು ನನ್ನ ಗಟ್ಟಿ ಅಭಿಪ್ರಾಯ.

ನಾವು ಏರ್ ಪೈಪ್ ಬಿಚ್ಚಿ ಟರ್ಬೊದ ಬಾಯಿಗೆ ನೇರವಾಗಿ ಮುಚ್ಚಳ ಕಟ್ಟಿದೆವು. ಮುಚ್ಚಳಕ್ಕೆ ಟೈರ್ ವಾಲ್ವ್, ಅದಕ್ಕೆ ರೆಗ್ಯುಲೇಟರ್ ಮತ್ತು ಗೇಜ್ ಇರುವ ಗಾಳಿ ಪೈಪ್. ಮುಚ್ಚಳ ಟರ್ಬೊ ಬಾಯಿಗೇ ಬರಬೇಕು, ಅದಕ್ಕೂ ಹಿಂದಲ್ಲ. ಕ್ರ್ಯಾಂಕ್‌ಕೇಸ್‌ನಿಂದ (ಎಂಜಿನ್‌ನ ಕೆಳಗಿನ, ಆಯಿಲ್ ಇರುವ ಭಾಗದಿಂದ) ಆವಿ ಹೊರಗೆ ತರುವ ಬ್ರೀದರ್ ಪೈಪ್ ಬಂದು ಸೇರುವುದು ಟರ್ಬೊಗೆ ಮುಂಚೆ. ಅದನ್ನೂ ಸೇರಿಸಿ ಗಾಳಿ ತುಂಬಿದರೆ ಒತ್ತಡ ಎಂಜಿನ್ ಹೊಟ್ಟೆಗೆ ಹೋಗಿ ಆಯಿಲ್ ಸೀಲ್‌ಗಳನ್ನು ತಳ್ಳಬಹುದು. ಎಚ್ಚರಕ್ಕೆ ಆಯಿಲ್ ಹಾಕುವ ಮುಚ್ಚಳವನ್ನೂ ತೆಗೆದಿಟ್ಟಿದ್ದೆವು. ಅಲ್ಲಿಂದ ಜೋರಾಗಿ ಗಾಳಿ ಬಂದರೆ ಕೂಡಲೇ ನಿಲ್ಲಿಸಬೇಕು.

ಸುರಕ್ಷತೆಯ ವಿಷಯದಲ್ಲಿ ಅಸಡ್ಡೆ ಬೇಡ. 50 ಮಿಲಿಮೀಟರ್ ಅಗಲದ ಮುಚ್ಚಳದ ಮೇಲೆ 0.9 ಬಾರ್ ಒತ್ತಡ ಅಂದರೆ ಸುಮಾರು 18 ಕಿಲೋ ತೂಕದಷ್ಟು ಬಲ. ಕ್ಲಾಂಪ್ ಜಾರಿದರೆ ಅದು ಹಾರಿ ಮುಖಕ್ಕೆ ಬಡಿಯುತ್ತದೆ. ರಕ್ಷಣಾ ಕನ್ನಡಕ ಹಾಕಿ, ಮುಚ್ಚಳದ ಎದುರು ನಿಲ್ಲದೆ ಪಕ್ಕಕ್ಕೆ ನಿಲ್ಲಿ. 0.2 ಬಾರ್‌ನಿಂದ ಶುರು ಮಾಡಿ ಹಂತ ಹಂತವಾಗಿ ಏರಿಸಿ. ಎಂಜಿನ್ ಕೇಳುವ ಬೂಸ್ಟ್ ಎಷ್ಟೋ ಅಲ್ಲಿಗೆ ನಿಲ್ಲಿಸಿ.

ಗೇಜಿನ ಮುಳ್ಳು ಒಂದೇ ಕಡೆ ನಿಲ್ಲಬೇಕು ಎಂದು ಕಾಯಬೇಡಿ. ಥ್ರಾಟಲ್ ತಟ್ಟೆ ಪೂರ್ತಿ ಮುಚ್ಚುವುದಿಲ್ಲ. ಸ್ವಲ್ಪ ಗಾಳಿ ಅದನ್ನು ದಾಟಿ, ಯಾವುದೋ ತೆರೆದ ವಾಲ್ವ್ ಮೂಲಕ ಸೈಲೆನ್ಸರ್‌ನಲ್ಲಿ ಹೊರಗೆ ಬರುತ್ತದೆ. ಸೈಲೆನ್ಸರ್ ಬಾಯಿಗೆ ಕಿವಿ ಕೊಟ್ಟರೆ ಆ ಸದ್ದು ಗೊತ್ತಾಗುತ್ತದೆ. ಅದನ್ನು ಲೀಕ್ ಎಂದುಕೊಂಡು ಅಲೆಯಬಾರದು.

0.5 ಬಾರ್ ದಾಟುತ್ತಿದ್ದಂತೆ ಥ್ರಾಟಲ್ ಕಡೆಯಿಂದ ಸಣ್ಣ ಸುಯ್ ಸದ್ದು ಬಂತು. ಸೋಪು ನೀರು ಸಿಂಪಡಿಸಿದಾಗ ತಣ್ಣನೆಯ ಪೈಪ್ ಥ್ರಾಟಲ್ ಬಾಡಿಗೆ ಸೇರುವ ಕಡೆ ಗುಳ್ಳೆ ಎದ್ದವು. ಅದು ತಂತಿ ಕ್ಲಿಪ್ ಹಾಕಿ ಒತ್ತಿ ಕೂರಿಸುವ ಜೋಡಣೆ. ಒಳಗಿನ ಓ-ರಿಂಗ್ ಗಟ್ಟಿಯಾಗಿ ಒಂದು ಕಡೆ ಚಪ್ಪಟೆಯಾಗಿತ್ತು. ಹೊಸ ಓ-ರಿಂಗ್ ಹಾಕಿದೆವು. ಮತ್ತೆ ಗಾಳಿ ತುಂಬಿದಾಗ 0.9 ಬಾರ್ ತನಕ ಬೇರೆಲ್ಲೂ ಗುಳ್ಳೆ ಇಲ್ಲ.

ಕಾರು ಕೊಟ್ಟು ಕಳಿಸುವ ಆಸೆ ಬರುವುದು ಇಲ್ಲಿಯೇ. ಲೀಕ್ ಸಿಕ್ಕಿತು, ಸರಿ ಮಾಡಿದ್ದಾಯಿತು. ಆದರೆ ಆ ಓ-ರಿಂಗ್‌ನ ಸಂದು 7 ಮಿಲಿಮೀಟರ್ ತೂತಿಗೆ ಸಮ ಇರಲಿಲ್ಲ. ಮತ್ತೆ ಲಾಗ್ ತೆಗೆದೆವು. ಅದೇ 3500 ಆರ್‌ಪಿಎಂ, ಅದೇ ಗೇರ್. ಒತ್ತಡ 165ರಿಂದ 171ಕ್ಕೆ ಏರಿತ್ತು. ಲೆಕ್ಕದ ಪ್ರಕಾರ ಎಂಜಿನ್ ನುಂಗಿದ್ದು 78 ಗ್ರಾಂ, ಸೆನ್ಸರ್ ಅಳೆದದ್ದು ಇನ್ನೂ 86. ಟ್ರಿಮ್ ಮೈನಸ್ 9. ಅಂದರೆ ಸೋರಿಕೆಯಲ್ಲಿ ಕಾಲು ಭಾಗದಷ್ಟು ನಿಂತಿತ್ತು. ದೊಡ್ಡದು ಇನ್ನೂ ಇತ್ತು.

ಬಿಸಿಯಾದಾಗ ಮಾತ್ರ ಬಾಯಿ ಬಿಡುವ ಅಂಚು

ಲಾಗ್‌ನಲ್ಲಿ ಸೋರುತ್ತದೆ, ಗ್ಯಾರೇಜಿನಲ್ಲಿ ಸೋರುವುದಿಲ್ಲ. ಗ್ಯಾರೇಜಿನಲ್ಲಿ ಒತ್ತಡ ರಸ್ತೆಯಲ್ಲಿ ಸಿಕ್ಕಿದ್ದಕ್ಕಿಂತ ಕಡಿಮೆಯೇನೂ ಇರಲಿಲ್ಲ. ಹಾಗಾದರೆ ಬೇರೆ ಇರುವುದು ಏನು? ಒಂದು, ಓಡುವಾಗ ಎಂಜಿನ್ ತನ್ನ ಮೌಂಟ್ ಮೇಲೆ ವಾಲುತ್ತದೆ, ಪೈಪುಗಳನ್ನು ಎಳೆಯುತ್ತದೆ. ಇನ್ನೊಂದು, ತಾಪ. 25 ಡಿಗ್ರಿ ಗಾಳಿಯನ್ನು ಎರಡರಷ್ಟು ಒತ್ತಡಕ್ಕೆ ಒತ್ತಿದರೆ ಟರ್ಬೊದಿಂದ ಹೊರಗೆ ಬರುವಾಗ ಅದು 110ರಿಂದ 120 ಡಿಗ್ರಿ ಇರುತ್ತದೆ. ನಮ್ಮ ಟೆಸ್ಟ್‌ನಲ್ಲಿ ಗಾಳಿಯೂ ತಣ್ಣಗೆ, ಪೈಪೂ ತಣ್ಣಗೆ.

ಕಾರನ್ನು ಚೆನ್ನಾಗಿ ಓಡಿಸಿ, ಬಿಸಿ ಇರುವಾಗಲೇ ಮತ್ತೆ ಮುಚ್ಚಳ ಕಟ್ಟಿದೆವು. ಗಾಳಿ ತುಂಬುವಾಗ ಒಬ್ಬರು ಪೈಪುಗಳನ್ನು ಕೈಯಿಂದ ಆಚೀಚೆ ಅಲ್ಲಾಡಿಸುತ್ತಿದ್ದರು. ಅಲ್ಲಾಡಿಸಿದರೆ ಏನೂ ಆಗಲಿಲ್ಲ. ಆದರೆ 0.6 ಬಾರ್ ಹತ್ತಿರ ಮುಂದಿನ ಬಂಪರ್ ಒಳಗಿನಿಂದ ಜೋರಾಗಿ ಭುಸ್ ಎಂದು ಗಾಳಿ ಹೊರಟಿತು. ಬಂಪರ್ ಮತ್ತು ಗಾಳಿ ತಿರುಗಿಸುವ ಪ್ಲಾಸ್ಟಿಕ್ ತೆಗೆದೆವು. ಇಂಟರ್‌ಕೂಲರ್‌ನ ಬಿಸಿ ಕಡೆಯ ಕೆಳ ಮೂಲೆ. ಪ್ಲಾಸ್ಟಿಕ್ ತೊಟ್ಟಿಯನ್ನು ಅಲ್ಯೂಮಿನಿಯಂ ಅಂಚಿಗೆ ಮಡಚಿ ಕೂರಿಸಿರುವ ಜಾಗ, ನಡುವೆ ರಬ್ಬರ್ ಸೀಲ್. ಎಂಟು ಸೆಂಟಿಮೀಟರ್ ಉದ್ದಕ್ಕೂ ಅದು ಬಾಯಿ ಬಿಡುತ್ತಿತ್ತು.

ಬಿಸಿಗೆ ಪ್ಲಾಸ್ಟಿಕ್ ಹಿಗ್ಗುವುದೇ ಬೇರೆ, ಅಲ್ಯೂಮಿನಿಯಂ ಹಿಗ್ಗುವುದೇ ಬೇರೆ. ರಬ್ಬರ್ ಹೊಸದಿದ್ದಾಗ ಈ ವ್ಯತ್ಯಾಸವನ್ನು ತುಂಬಿಕೊಳ್ಳುತ್ತದೆ. ಗಟ್ಟಿಯಾದ ಮೇಲೆ ತುಂಬಿಕೊಳ್ಳಲಾರದು. ಆರಿದ ಮೇಲೆ ಎಲ್ಲ ಮತ್ತೆ ಹತ್ತಿರ ಬಂದು ಮುಚ್ಚಿಕೊಳ್ಳುತ್ತದೆ, ತಣ್ಣಗಿರುವ ಕಾರನ್ನು ಪರೀಕ್ಷಿಸಿದವರಿಗೆ ಕಾಣುವುದಿಲ್ಲ.

ಅಲ್ಲಿ ಇನ್ನೊಂದು ಗುರುತೂ ಇತ್ತು. ಬ್ರೀದರ್ ಮೂಲಕ ಬರುವ ತೆಳುವಾದ ಆಯಿಲ್ ಆವಿ ಬೂಸ್ಟ್ ಪೈಪುಗಳಲ್ಲಿ ಯಾವಾಗಲೂ ಇರುತ್ತದೆ. ಗಾಳಿ ಸೋರುವ ಕಡೆ ಅದೂ ಹೊರಗೆ ಬಂದು ಧೂಳು ಅಂಟಿಸಿಕೊಳ್ಳುತ್ತದೆ. ಆ ಮೂಲೆಯ ಎದುರಿನ ಪ್ಲಾಸ್ಟಿಕ್ ಮೇಲೆ ಬೀಸಣಿಗೆ ಆಕಾರದ ಕಪ್ಪು ಜಿಡ್ಡಿನ ಕಲೆ ಬಿದ್ದಿತ್ತು. ಬಂಪರ್ ಬಿಚ್ಚದೆ ಅದು ಕಾಣುವಂತಿರಲಿಲ್ಲ.

ದುರಸ್ತಿ ಮತ್ತು ಕೊನೆಯ ಲಾಗ್

ಇಂಟರ್‌ಕೂಲರ್ ಬದಲಾಯಿಸಿದೆವು. ಅಂಚಿಗೆ ಅಂಟು ಹಚ್ಚಿ ನೋಡಿ ಎಂದು ಮಾಲೀಕರು ಕೇಳಿದರು. ಬಿಸಿ, ಒತ್ತಡ, ಆಯಿಲ್ ಜಿಡ್ಡು ಮೂರೂ ಇರುವ ಕಡೆ ಅಂಟು ನಿಲ್ಲುತ್ತದೆ ಎಂದು ನಾನು ಹೇಳಲಾರೆ. ಕಿತ್ತು ಬಂದರೆ ಅದರ ಚೂರು ಎಂಜಿನ್ ಕಡೆಗೇ ಹೋಗುತ್ತದೆ. ಪೈಪುಗಳ ತುದಿಗಳನ್ನು ಜಿಡ್ಡಿಲ್ಲದಂತೆ ಒರೆಸಿ, ಕ್ಲಾಂಪ್‌ಗಳು ಪೈಪಿನ ಉಬ್ಬಿನ ಒಳಬದಿಗೇ ಕೂರುವಂತೆ ಬಿಗಿದೆವು. ಉಬ್ಬಿನ ಮೇಲೆಯೇ ಕೂತ ಕ್ಲಾಂಪ್ ಒಂದು ದಿನ ಜಾರಿಯೇ ಜಾರುತ್ತದೆ.

ಮುಚ್ಚಳ ಕಟ್ಟುವಾಗಲೇ ಟರ್ಬೊ ಶಾಫ್ಟ್ ನೋಡಿದ್ದೆವು. ಮೇಲೆ ಕೆಳಗೆ ಸ್ವಲ್ಪ ಆಟ ಇತ್ತು. ಆಯಿಲ್ ಪದರದ ಮೇಲೆ ತಿರುಗುವ ಬೇರಿಂಗ್‌ಗೆ ಅದು ಸಹಜ. ಹಿಂದೆ ಮುಂದೆ ಆಟ ಕೈಗೆ ತಿಳಿಯುವಷ್ಟಿರಲಿಲ್ಲ. ರೆಕ್ಕೆಗಳ ಅಂಚು ಚೆನ್ನಾಗಿತ್ತು, ಗೋಡೆಗೆ ಉಜ್ಜಿದ ಗುರುತಿರಲಿಲ್ಲ. ಆ ಟರ್ಬೊ ಬಿಚ್ಚಿ ಹೊಸದು ಹಾಕಿದ್ದರೂ ಇದೇ ಲೀಕ್, ಇದೇ ಕೋಡ್ ಉಳಿಯುತ್ತಿತ್ತು.

ಆಯಿಲ್‌ನಲ್ಲಿ ಪೆಟ್ರೋಲ್ ವಾಸನೆ ಇತ್ತು. ಆಯಿಲ್ ಬದಲಾಯಿಸಿದೆವು. ಕಂಪ್ಯೂಟರ್ ಕಲಿತಿಟ್ಟುಕೊಂಡ ಹಳೆಯ ಟ್ರಿಮ್ ಅಳಿಸಿದೆವು. ಅಳಿಸದೆ ಬಿಟ್ಟರೆ, ಈಗ ಪೂರ್ತಿ ಗಾಳಿ ಬರುವಾಗಲೂ ಅದು ಹಳೆಯ ಅಭ್ಯಾಸದಂತೆ ಪೆಟ್ರೋಲ್ ಕಡಿಮೆ ಹಾಕಿ ಸ್ವಲ್ಪ ಹೊತ್ತು ಲೀನ್ ಓಡಿಸುತ್ತದೆ. ಪೂರ್ತಿ ಬೂಸ್ಟ್‌ನಲ್ಲಿ ಲೀನ್ ಓಡುವುದು ಎಂಜಿನ್‌ಗೆ ಅಪಾಯ.

ಕೊನೆಯ ಲಾಗ್‌ನಲ್ಲಿ 3500 ಆರ್‌ಪಿಎಂಗೆ ಕೇಳಿದ್ದು 190, ಸಿಕ್ಕಿದ್ದು 189. ವೇಸ್ಟ್‌ಗೇಟ್ ಈಗ ಪೂರ್ತಿ ಮುಚ್ಚಿರಲಿಲ್ಲ. ಒತ್ತಡ ಹಿಡಿತದಲ್ಲಿಡಲು ಸ್ವಲ್ಪ ತೆರೆದಿತ್ತು. ಟ್ರಿಮ್ ಮೈನಸ್ 1. ನನಗೆ ಎಲ್ಲಕ್ಕಿಂತ ಇಷ್ಟವಾದ ಅಂಕಿ ಏರ್ ಫ್ಲೋ ಸೆನ್ಸರ್‌ನದು. ಅದು ತೋರಿಸಿದ್ದು 87. ಮೊದಲು 86, ಈಗ 87. ಅಂದರೆ ಟರ್ಬೊ ಮೊದಲೂ ಹೆಚ್ಚುಕಡಿಮೆ ಇಷ್ಟೇ ಗಾಳಿ ಎಳೆಯುತ್ತಿತ್ತು. ಈಗ ಅದೆಲ್ಲ ಸಿಲಿಂಡರ್ ಮುಟ್ಟುತ್ತಿದೆ.

ಇದೇ ಕಾರಿಗೆ ಏರ್ ಫ್ಲೋ ಸೆನ್ಸರ್ ಇಲ್ಲದೆ, ಬರೀ ಮ್ಯಾನಿಫೋಲ್ಡ್ ಒತ್ತಡ ಮತ್ತು ತಾಪ ನೋಡಿ ಗಾಳಿ ಲೆಕ್ಕ ಹಾಕುವ ವ್ಯವಸ್ಥೆ ಇದ್ದಿದ್ದರೆ ಟ್ರಿಮ್ ಏನನ್ನೂ ತೋರಿಸುತ್ತಿರಲಿಲ್ಲ. ಸೋರಿದ ಗಾಳಿಯನ್ನು ಅಲ್ಲಿ ಯಾರೂ ಅಳೆದಿರುವುದಿಲ್ಲ. ಮಿಶ್ರಣ ಸರಿಯಾಗೇ ಇರುತ್ತದೆ, ಬೂಸ್ಟ್ ಮಾತ್ರ ಕಡಿಮೆ. ಲೀಕ್ ಚಿಕ್ಕದಾದರೆ ಬೂಸ್ಟ್ ಕೂಡ ಸರಿಯಾಗೇ ಕಾಣಬಹುದು, ಯಾಕೆಂದರೆ ಕಂಪ್ಯೂಟರ್ ವೇಸ್ಟ್‌ಗೇಟ್ ಇನ್ನಷ್ಟು ಮುಚ್ಚಿ ಟರ್ಬೊವನ್ನು ಜಾಸ್ತಿ ತಿರುಗಿಸಿ ಕೊರತೆ ತುಂಬುತ್ತದೆ. ಅಂಥ ಕಾರುಗಳಲ್ಲಿ ವೇಸ್ಟ್‌ಗೇಟ್ ಎಷ್ಟು ಮುಚ್ಚಿದೆ ಎಂಬ ಅಂಕಿಯನ್ನು, ಕಾರು ಚೆನ್ನಾಗಿದ್ದಾಗ ತೆಗೆದ ಲಾಗ್ ಜೊತೆ ಇಟ್ಟು ನೋಡಬೇಕು. ಡೀಸೆಲ್‌ನಲ್ಲಿ ಗುರುತು ಬೇರೆ: ಅಳೆದ ಗಾಳಿಗೆ ತಕ್ಕ ಡೀಸೆಲ್ ಬೀಳುತ್ತದೆ, ಗಾಳಿ ಬಂದಿರುವುದಿಲ್ಲ, ಏರಿನಲ್ಲಿ ಹಿಂದಿನಿಂದ ಕಪ್ಪು ಹೊಗೆ ಬರುತ್ತದೆ. ಮುಚ್ಚಳ, ರೆಗ್ಯುಲೇಟರ್, ಸೋಪು ನೀರು ಮಾತ್ರ ಮೂರು ಕಡೆಯೂ ಅವೇ. ಎಂಜಿನ್ ಬಿಸಿ ಇರುವಾಗಲೂ ಒಮ್ಮೆ ಪರೀಕ್ಷಿಸಿ.